ಟವೆಲಿನ ಅಡಿಯ ಸಂದರ್ಶನ

ಸಂದರ್ಶನದಲ್ಲಿ ಮುಜುಗರವಾದರೆ ಏನು ಮಾಡಬೇಕೆಂದು ಹೇಳಿಕೊಡುವ ವಿಡಿಯೊಗಳು ಫೋನಿನಲ್ಲಿ ಬೇಕಾದಷ್ಟಿವೆ. ಕೋಟು ಹಾಕಿಕೊಂಡ ಹುಡುಗರು ಬಂದು ಪಾಠ ಮಾಡುತ್ತಾರೆ. ಉತ್ತರ ಹೊಳೆಯದಿದ್ದರೆ ಗಾಬರಿ ಬೀಳಬೇಡಿ, ಉಸಿರೆಳೆದುಕೊಳ್ಳಿ, ಒಂದು ಗುಟುಕು ನೀರು ಕುಡಿಯಿರಿ, ಏನೇ ಆದರೂ ಮುಖದ ಮೇಲಿನ ನಗು ಮಾಸಬಾರದು. ನಾನು ಅವನ್ನೆಲ್ಲ ಅಪ್ಪನ ಮಂಚದ ಪಕ್ಕ ಕೂತು ನೋಡಿದವಳು. ಅಪ್ಪನೂ ನನ್ನ ಜೊತೆ ನೋಡುತ್ತಿದ್ದ. ಆ ಹುಡುಗರು ನಕ್ಕರೆ ಅವನ ಎಡಗಡೆಯ ತುಟಿಯೂ ಚೂರು ಏಳುತ್ತಿತ್ತು. ಬಲಗಡೆಯದು ಎದ್ದು ವರ್ಷಗಳೇ ಆಗಿದ್ದವು.

ಸುಗಟೂರಿನ ಪಕ್ಕದ ಹಳ್ಳಿ ನಮ್ಮದು. ನಾನು ಬಿ.ಕಾಂ. ಮುಗಿಸಿ ಕೋಲಾರದ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆದುಕೊಂಡಿದ್ದೆ. ಒಂದು ಬೆಳಿಗ್ಗೆ ಅಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದವನು ಅಲ್ಲೇ ಕುಸಿದ. ಲಕ್ವ ಹೊಡೆದಿತ್ತು. ಬಲಗೈ ಹೋಯಿತು, ಮಾತು ಹೋಯಿತು, ಬಲಗಾಲು ಎಳೆದುಕೊಂಡು ನಡೆಯುವಷ್ಟಕ್ಕೆ ಉಳಿಯಿತು. ಅಮ್ಮ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಅಣ್ಣ ಮಾಲೂರಿನಲ್ಲಿ ಹೆಂಚಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಅವನಿಗೆ ಎರಡು ರೂಮಿನ ಮನೆ, ಹೆಂಡತಿ, ಮಕ್ಕಳು. ಮದುವೆಯಾಗದೆ ಉಳಿದವಳು ನಾನು, ಹಾಗಾಗಿ ಕೆಲಸ ಬಿಟ್ಟವಳೂ ನಾನೇ. ಇದರಲ್ಲಿ ತ್ಯಾಗ ಗೀಗ ಏನೂ ಇಲ್ಲ. ಬೇರೆ ಯಾರೂ ಇರಲಿಲ್ಲ, ಅಷ್ಟೆ.

ಮಾತು ಹೋದವನಿಗೆ ಕಿವಿಯೂ ಹೋಗಿದೆಯೆಂದು ಜನ ಯಾಕೆ ತಿಳಿದುಕೊಳ್ಳುತ್ತಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ಸಂಕ್ರಾಂತಿ ಕಳೆದ ಮೇಲೆ ಅಣ್ಣ ಬಂದವನು ಜಗಲಿಯ ಮೇಲೆ, ಅಪ್ಪನ ಮೊಳಕಾಲಿಗೆ ಮೊಳಕಾಲು ತಗುಲುವಷ್ಟು ಹತ್ತಿರ ಕೂತು ಹೇಳಿದ.

"ನೋಡೇ, ನನ್ ಕೈಲಿ ಇನ್ನು ತಿಂಗ್ಳಾ ತಿಂಗ್ಳಾ ದುಡ್ಡು ಕಳಿಸಕ್ಕಾಗಲ್ಲ. ಯುಗಾದಿಗಂಟ ನೋಡ್ತೀನಿ. ಅಷ್ಟ್ರೊಳಗೆ ನೀನು ಎಲ್ಲಾನ ಕೆಲಸಕ್ಕೆ ಸೇರ್ಕಂಡು, ಹಗಲೊತ್ತು ಇವ್ರನ್ನ ನೋಡ್ಕಣಾಕೆ ಒಬ್ರನ್ನ ಇಟ್ಕಂಡ್ರೆ ಸರಿ. ಇಲ್ಲಾಂದ್ರೆ ಮಾಲೂರಿಂದಾಚೆ ಒಂದು ಆಶ್ರಮ ಐತೆ. ಕೇಳ್ಕಂಡು ಬಂದಿದೀನಿ. ಸೇರಿಸ್ಬಿಡಣ."

"ಅಪ್ಪನ ಮುಂದೇನೇ ಹೇಳ್ತೀಯಲ್ಲೋ," ಎಂದೆ.

"ಅವ್ರಿಗೇನು ತಿಳೀತದೆ ಬಿಡು," ಎಂದ ಅಣ್ಣ. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಅವನನ್ನು ಕೆಟ್ಟವನೆಂದು ಬರೆದುಬಿಟ್ಟರೆ ನನಗೆ ಸುಲಭವಾಗುತ್ತಿತ್ತು, ಆದರೆ ಅವನು ಕೆಟ್ಟವನಲ್ಲ. ಅಪ್ಪ ಬೀದಿಯ ಕಡೆ ನೋಡುತ್ತ ಕೂತಿದ್ದ. ಅವನ ಎಡಗೈ ಹೆಗಲ ಮೇಲಿನ ಟವೆಲನ್ನು ಹಿಡಿದುಕೊಂಡಿತ್ತು.

ಆ ಟವೆಲಿನ ವಿಷಯ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಅಪ್ಪ ದನದ ದಲ್ಲಾಳಿಯಾಗಿದ್ದ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕಿನ ಸಂತೆಗಳೇ ಅವನ ಆಫೀಸು. ದನದ ಸಂತೆಯಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದಲ್ಲಾಳಿ ತನ್ನ ಕೈಯನ್ನೂ ಕೊಳ್ಳುವವನ ಕೈಯನ್ನೂ ಟವೆಲಿನಿಂದ ಮುಚ್ಚುತ್ತಾನೆ. ಒಳಗೆ ಬೆರಳು ಹಿಡಿದು ವ್ಯಾಪಾರ. ಎರಡು ಬೆರಳು ಹಿಡಿದರೆ ಎರಡು, ಮೂರು ಹಿಡಿದರೆ ಮೂರು, ಅಂಗೈ ಪೂರ್ತಿ ಹಿಡಿದರೆ ಐದು. ಬೆರಳಿನ ನಡುಗಂಟು ಹಿಡಿದರೆ ಅರ್ಧ. ನೂರೋ ಸಾವಿರವೋ ಎಂಬುದು ಎದುರು ನಿಂತ ದನ ನೋಡಿದರೆ ಇಬ್ಬರಿಗೂ ಗೊತ್ತಿರುತ್ತದೆ. ಸುತ್ತ ನಿಂತವರು ಮುಖ ನೋಡಿ ಊಹಿಸಬೇಕೇ ಹೊರತು ಒಳಗಿನದು ಯಾರಿಗೂ ಕಾಣುವುದಿಲ್ಲ.

ಇನ್ನೊಂದು ಪದ್ಧತಿಯಿತ್ತು. ಮಾರುವ ರೈತ ಹಗ್ಗ ಹಿಡಿದು ನಿಂತಿರುತ್ತಾನೆ, ದಲ್ಲಾಳಿ ದೂರದಲ್ಲಿ ಮರದ ನೆರಳಿಗೆ ಕೂತಿರುತ್ತಾನೆ. ಕೊಳ್ಳುವವನು ಬಂದು ವಿಚಾರಿಸಿದರೆ ರೈತ ಮಾತಾಡುವುದಿಲ್ಲ, ದಲ್ಲಾಳಿಯ ಕಡೆ ಕೈ ತೋರಿಸುತ್ತಾನೆ. ಕೈ ತೋರಿಸಿದ ಕೂಡಲೇ ದಲ್ಲಾಳಿ ಬೀಡಿ ಬಿಸಾಕಿ ಎದ್ದು ಬರಬೇಕು. ಅಲ್ಲಿಂದಾಚೆಗೆ ರೈತ ಬಾಯಿ ಹಾಕುವಂತಿಲ್ಲ. ಚಿಕ್ಕವಳಿದ್ದಾಗ ನಾನು ಅಪ್ಪನ ಜೊತೆ ಸಂತೆಗೆ ಹೋದರೆ, ಯಾರೋ ಕೈ ತೋರಿಸಿದ್ದೇ ತಡ, ಅರ್ಧ ತಿಂದ ಬೋಂಡವನ್ನು ನನ್ನ ಕೈಗೆ ತುರುಕಿ ಎದ್ದುಬಿಡುತ್ತಿದ್ದ.

ಅಪ್ಪ ಬೆಲೆ ಇಳಿಸುವವನಲ್ಲ ಎಂದು ಸಂತೆಯಲ್ಲಿ ಹೆಸರಾಗಿತ್ತು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ವ್ಯಾಪಾರ ತೆಲುಗಿನಲ್ಲೇ ನಡೆಯುತ್ತಿತ್ತು. ಕೊಳ್ಳುವವನು ಎಷ್ಟು ಗೋಗರೆದರೂ ಅಪ್ಪ "ಇಂಕ ದಿಗೇದಿ ಲೇದು" ಎನ್ನುತ್ತಿದ್ದ, ಇನ್ನು ಇಳಿಯುವ ಮಾತಿಲ್ಲ ಎಂದು. ಆಮೇಲೆ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ. ಹೊರಟವನನ್ನು ಅವರೇ ಓಡಿ ಬಂದು ಕರೆಯುತ್ತಿದ್ದರು.

ಬೆರಳು ಮಾತಿನಲ್ಲಿ ಕಿರುಬೆರಳಿನ ಉಗುರು ಅಂತ ಒಂದಿದೆ. ಅದನ್ನು ಮುಟ್ಟಿದರೆ ನೀನು ಎಷ್ಟು ಕೊಟ್ಟರೆ ಅಷ್ಟು, ಕೊಡದಿದ್ದರೂ ಸರಿ, ಹೊಡೆದುಕೊಂಡು ಹೋಗು ಎಂದರ್ಥ. ಕಾಲು ಮುರಿದದ್ದು, ಮೇವು ಬಿಟ್ಟದ್ದು, ಎಬ್ಬಿಸಿದರೂ ಏಳದ್ದು, ಅಂಥ ದನಕ್ಕೆ ಮಾತ್ರ ಆ ಉಗುರು. ಶ್ರೀನಿವಾಸಪುರದ ಸಂತೆಯಲ್ಲಿ ಒಮ್ಮೆ ಒಬ್ಬ ರೈತ ಟೆಂಪೊದಲ್ಲಿ ಮಲಗಿಸಿಕೊಂಡು ಬಂದ ಎತ್ತನ್ನು ತೋರಿಸಿ ಅಪ್ಪನ ಕಾಲು ಹಿಡಿದುಕೊಂಡಿದ್ದ. ಅಪ್ಪ ಬೇರೆ ದಲ್ಲಾಳಿಯನ್ನು ಕರೆದು ಒಪ್ಪಿಸಿ ದೂರ ಹೋಗಿ ನಿಂತ. ಬಸ್ಸಿನಲ್ಲಿ ಬರುವಾಗ ನನಗೆ ಹೇಳಿದ್ದ, "ಉಗುರು ಮಾತ್ರ ನಾನು ಮುಟ್ಟಲ್ಲ ಕಣಮ್ಮ. ಮುಟ್ಟಿದ್ಮೇಲೆ ಆ ದನದ ಮುಖ ಹೆಂಗೆ ನೋಡಾದು?"

ಲಕ್ವ ಹೊಡೆದ ಮೇಲೆ ಉಳಿದದ್ದು ಆ ಬೆರಳು ಮಾತೇ. ನನ್ನ ಒಂದು ಬೆರಳು ಹಿಡಿದರೆ ನೀರು, ಎರಡು ಹಿಡಿದರೆ ಹೊರಗೆ ಹೋಗಬೇಕು, ಅಂಗೈ ಹಿಡಿದರೆ ಸಾಕು, ಹೊಟ್ಟೆ ತುಂಬಿತು. ಅದಕ್ಕೂ ಟವೆಲು ಮುಚ್ಚಲೇಬೇಕು. ಮನೆಯಲ್ಲಿ ನಾವಿಬ್ಬರೇ, ಹಸುವನ್ನೂ ಸೇರಿಸಿದರೆ ಮೂವರು. "ಯಾರು ನೋಡ್ತಾರೆ ಅಂತ ಮುಚ್ಚಿದೀಯಪ್ಪಾ?" ಎಂದು ಬೈದರೂ ಮುಚ್ಚುತ್ತಿದ್ದ. ನೀರು ಬೇಕು ಎನ್ನುವುದನ್ನೂ ಗುಟ್ಟಾಗಿಟ್ಟುಕೊಂಡಿದ್ದ ಮನುಷ್ಯ.

ಅಣ್ಣ ಹೋದ ಮೇಲೆ ನಾನು ಕೆಲಸ ಹುಡುಕತೊಡಗಿದೆ. ನಮ್ಮ ಬೀದಿಯಲ್ಲೇ ಒಬ್ಬ ಹೆಂಗಸಿದ್ದರು, ಕೋಲಾರದ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದವರು. ಅಪ್ಪನನ್ನು ಹಗಲು ನೋಡಿಕೊಳ್ಳಲು ಒಪ್ಪಿದರು. ಇಷ್ಟು ಕೊಡಬೇಕೆಂದು ಹೇಳಿದರು, ಅದರಲ್ಲಿ ಆಸೆಬುರುಕತನವೇನೂ ಇರಲಿಲ್ಲ. ಅವರ ಮನೆಯೂ ನಡೆಯಬೇಕಲ್ಲ. ಆದರೆ ಕೆಲಸ ಸಿಗುವವರೆಗೆ ಅವರನ್ನು ಕರೆಯುವಂತಿಲ್ಲ, ಅಪ್ಪನನ್ನು ಒಬ್ಬನೇ ಬಿಟ್ಟುಹೋಗುವಂತೆಯೂ ಇಲ್ಲ. ಹಾಗಾಗಿ ಸಂದರ್ಶನಕ್ಕೆ ಹೋದ ಕಡೆಯೆಲ್ಲ ಅಪ್ಪ ಜೊತೆಗೇ ಬಂದ. ಅವನು ಓಡಾಡಿದ ಸಂತೆಯ ಊರುಗಳಿಗೇ ನಾವು ತಿರುಗಾಡಿದೆವು. ಆಗ ಅವನು ಮುಂದೆ ನಾನು ಹಿಂದೆ ನಡೆಯುತ್ತಿದ್ದೆವು, ಈಗ ನಾನು ಅವನ ಕಂಕುಳಿಗೆ ಕೈ ಕೊಟ್ಟು ನಡೆಸಬೇಕಿತ್ತು.

ಮುಳಬಾಗಿಲಿನ ಒಂದು ಖಾಸಗಿ ಶಾಲೆಯಲ್ಲಿ ಬಹಳ ಮರ್ಯಾದೆ ಮಾಡಿದರು. ಹೊರಗೆ ಕೂತಿರುವವರು ಯಾರು ಎಂದು ಕೇಳಿದರು, ನಮ್ಮ ತಂದೆ ಎಂದೆ, ಅಯ್ಯೋ ಒಳಗೆ ಕರೆದುಕೊಂಡು ಬನ್ನಿ ಎಂದರು, ಕಾಫಿ ಕೊಟ್ಟರು. ಕಾಫಿ ಅಪ್ಪನ ಬಲಗಡೆಯ ಬಾಯಿಂದ ಇಳಿದು ಅಂಗಿಯ ಮೇಲೆ ಸುರಿಯಿತು. ನಾನು ಒರೆಸಿದೆ. ಆ ಮೇಡಂ ಗೋಡೆಯ ಕಡೆ ನೋಡುತ್ತ, ಫೋನ್ ಮಾಡಿ ತಿಳಿಸುತ್ತೇವೆ ಎಂದರು. ಫೋನು ಬರಲಿಲ್ಲ. ಶ್ರೀನಿವಾಸಪುರದಲ್ಲಿ ಮಾವಿನ ಹಣ್ಣಿನ ರಸ ತೆಗೆಯುವ ಘಟಕ. ಅಲ್ಲಿಯ ಮಾಲೀಕರು ನೇರವಾಗಿ ಕೇಳಿದರು, "ಸೀಸನ್ನಲ್ಲಿ ನಿಮ್ಮಪ್ಪಂಗೆ ಹೆಚ್ಚುಕಮ್ಮಿ ಆದ್ರೆ ನಮ್ ಗತಿಯೇನಮ್ಮ?" ನನ್ನ ಗತಿಯೇನು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮಾಲೂರಿನ ಗೋಡೌನಿನಲ್ಲಿ ಕೇಳಿದ್ದು ಮದುವೆ ಯಾವಾಗ ಎಂಬ ಒಂದೇ ಪ್ರಶ್ನೆ. ಮುಗುಳ್ನಕ್ಕೆ, ವಿಡಿಯೊದಲ್ಲಿ ಹೇಳಿದಂತೆ. ಅವರೂ ನಕ್ಕರು. ಅಲ್ಲಿಗೆ ಅದು ಮುಗಿಯಿತು.

ಯುಗಾದಿ ಹತ್ತಿರ ಬಂತು. ಬೀದಿಯ ಬೇವಿನ ಮರ ಹೂಬಿಟ್ಟಿತ್ತು, ನಾನು ಅದರ ಕಡೆ ನೋಡದೆ ದಾಟಿಹೋಗುತ್ತಿದ್ದೆ. ಆಗ ವೇಮಗಲ್ಲಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಿಂದ ಕರೆ ಬಂತು. ಸ್ಟೋರಿನಲ್ಲಿ ಸಹಾಯಕಿಯ ಕೆಲಸ, ಹಗಲು ಪಾಳಿ ಮಾತ್ರ, ಕೋಲಾರದಿಂದ ಕಂಪನಿಯ ಬಸ್ಸು. ನನಗೆ ಇದಕ್ಕಿಂತ ಹೊಂದುವ ಕೆಲಸ ಭೂಮಿಯ ಮೇಲೆ ಇರಲಿಲ್ಲ. ಇದು ತಪ್ಪಿದರೆ ಅಪ್ಪ ಆಶ್ರಮಕ್ಕೆ, ಅದರಲ್ಲಿ ಅನುಮಾನವೇ ಇರಲಿಲ್ಲ.

ಆ ಬೆಳಿಗ್ಗೆ ಅಪ್ಪನಿಗೆ ಸ್ನಾನ ಮಾಡಿಸಿ ಗಡ್ಡ ತೆಗೆದೆ. ಬಿಳಿ ಅಂಗಿ, ಬಿಳಿ ಪಂಚೆ ಹಾಕಿದೆ. ಟವೆಲು ಮಾಸಿತ್ತು, ಬಿಟ್ಟುಬಿಡು ಎಂದರೆ ಕೈಯಿಂದ ಬಿಡಲಿಲ್ಲ. ಸುಗಟೂರಿನಿಂದ ಕೋಲಾರಕ್ಕೆ, ಕೋಲಾರದಿಂದ ವೇಮಗಲ್ಲಿಗೆ ಬಸ್ಸು ಹಿಡಿದೆವು. ಬಸ್ಸು ಹತ್ತಿಸುವಾಗ ಕಂಡಕ್ಟರು "ಬೇಗ ಎತ್ತಮ್ಮ, ಬೇಗ ಎತ್ತು" ಎಂದು ಮೂಟೆಗೆ ಹೇಳುವಂತೆ ಹೇಳಿದ. ಅಪ್ಪನಿಗೆ ಕೇಳಿಸಿತೆಂದು ನನಗೆ ಗೊತ್ತಾಯಿತು, ಯಾಕೆಂದರೆ ಅವನು ತಾನೇ ಮೆಟ್ಟಿಲು ಹತ್ತಲು ಹೋಗಿ ಇನ್ನೂ ತಡಮಾಡಿದ.

ಕಾರ್ಖಾನೆಯ ಗೇಟಿನಲ್ಲಿ ವಯಸ್ಸಾದ ಮುಸಲ್ಮಾನ ಸೆಕ್ಯುರಿಟಿಯವರಿದ್ದರು. ಅಪ್ಪನನ್ನು ನೋಡಿ ತಮ್ಮ ಕ್ಯಾಬಿನ್ನಿನ ಕುರ್ಚಿಯನ್ನೇ ಬಿಟ್ಟುಕೊಟ್ಟರು. "ನೀವ್ ಹೋಗಮ್ಮ ಒಳಗೆ. ನಮ್ ಭಾಯ್ ಇದ್ದಂಗೆ ನೋಡ್ಕಂತೀನಿ," ಎಂದರು. ಅವರ ಆ ಒಳ್ಳೆಯತನವೇ ಮುಂದೆ ಅಪ್ಪನನ್ನು ಒಳಗೆ ಕರೆತಂದಿತು.

ಸಂದರ್ಶನದ ಕೋಣೆಗೆ ಗೇಟಿನ ಕಡೆ ಪೂರ್ತಿ ಗಾಜಿನ ಗೋಡೆ. ಒಳಗೆ ಮೂವರು ಕೂತಿದ್ದರು. ಬೆಂಗಳೂರಿನಿಂದ ದಿನಾ ಬಂದುಹೋಗುವ ಎಚ್ಆರ್ ಹುಡುಗಿ, ನನಗಿಂತ ಚಿಕ್ಕವಳು. ನಡುವೆ ಮ್ಯಾನೇಜರು, ಕನ್ನಡವನ್ನು ಕಷ್ಟಪಟ್ಟು ಆಡುತ್ತಿದ್ದವರು. ಕೊನೆಯಲ್ಲಿ ಆಡಳಿತದ ಕೆಲಸ ನೋಡಿಕೊಳ್ಳುವ ಹಿರಿಯರೊಬ್ಬರು, ತಲೆ ಪೂರ್ತಿ ನರೆತದ್ದು, ಮಾತಿನ ಎಳೆತದಲ್ಲೇ ಮುಳಬಾಗಿಲಿನ ಕಡೆಯವರೆಂದು ತಿಳಿಯುತ್ತಿತ್ತು.

ಮೊದಲಿನದೆಲ್ಲ ಚೆನ್ನಾಗಿಯೇ ಆಯಿತು. ಸರಕು ಬಂದರೆ ಹೇಗೆ ನಮೂದಿಸುತ್ತೀರಿ, ಕಂಪ್ಯೂಟರು ಎಷ್ಟು ಬರುತ್ತದೆ, ಎಲ್ಲಕ್ಕೂ ತಡವರಿಸದೆ ಉತ್ತರ ಕೊಟ್ಟೆ. ಹಿರಿಯರು ತಲೆಯಾಡಿಸಿದರು. ಆಮೇಲೆ ಎಚ್ಆರ್ ಹುಡುಗಿ ಕೇಳಿದಳು, "ಇಷ್ಟು ವರ್ಷ ಗ್ಯಾಪ್ ಇದೆಯಲ್ಲ, ಯಾಕೆ?"

ಇದಕ್ಕೆ ನಾನು ತಯಾರಾಗಿದ್ದೆ. "ಮನೆಯ ಜವಾಬ್ದಾರಿ ಇತ್ತು ಮೇಡಂ," ಎಂದೆ. ವಿಡಿಯೊದ ಹುಡುಗ ಅದನ್ನೇ ಹೇಳಿಕೊಟ್ಟಿದ್ದ. ಚಿಕ್ಕದಾಗಿ ಹೇಳಿ, ವಿವರಕ್ಕೆ ಇಳಿಯಬೇಡಿ, ಮುಂದಿನ ಪ್ರಶ್ನೆಗೆ ಹೋಗುತ್ತಾರೆ ಎಂದು.

ಅವಳು ಮುಂದಿನ ಪ್ರಶ್ನೆಗೆ ಹೋಗಲಿಲ್ಲ. "ಆ ಜವಾಬ್ದಾರಿ ಈಗ ಮುಗೀತಾ?" ಎಂದಳು.

ಅವಳಿಗೆ ಕೆಟ್ಟ ಮನಸ್ಸಿರಲಿಲ್ಲ. ಅವಳು ಕೇಳಿದ್ದು ರಜೆ ಗಿಜೆ ಹಾಕುತ್ತೀಯಾ ಎಂದು. ನನಗೆ ಕೇಳಿಸಿದ್ದು ನಿಮ್ಮಪ್ಪ ಸತ್ತನಾ ಎಂದು. ಮುಗೀತು ಎಂದರೆ ಕೆಲಸ ಸಿಗುತ್ತದೆ. ಮುಗೀತು ಎನ್ನಲು ಬಾಯಿ ಬರಲಿಲ್ಲ. ಗಾಜಿನಾಚೆ, ಅಷ್ಟು ದೂರದಲ್ಲಿ, ಬಿಳಿ ಅಂಗಿ ತೊಟ್ಟು ಇಸ್ತ್ರಿ ಮಾಡಿದ ಹಾಗೆ ನೆಟ್ಟಗೆ ಕೂರಲು ಹೆಣಗುತ್ತಿರುವ ಅಪ್ಪ ಕಾಣಿಸುತ್ತಿದ್ದ. ಉಸಿರೆಳೆದುಕೊಂಡೆ. ಗ್ಲಾಸೆತ್ತಿ ನೀರು ಕುಡಿದೆ. ಮೂವರೂ ನನ್ನನ್ನೇ ನೋಡುತ್ತ ಕೂತಿದ್ದರು. ಆಮೇಲೆ ನನಗೆ ಸಿಟ್ಟು ಬಂತು. ಯಾರ ಮೇಲೆಂದು ಕೇಳಿದರೆ ಇವತ್ತಿಗೂ ಹೇಳಲಾರೆ.

"ಮುಗಿದಿಲ್ಲ ಮೇಡಂ. ಅಗೋ, ಅಲ್ಲಿ ಕೂತಿದ್ದಾರೆ," ಎಂದು ಗಾಜಿನ ಕಡೆ ಕೈ ತೋರಿಸಿದೆ.

ಮೂವರೂ ತಿರುಗಿ ನೋಡಿದರು. ಅಪ್ಪ ನನ್ನ ಕೈ ನೋಡಿದ, ತನ್ನ ಕಡೆ ತಿರುಗಿದ ಮೂರು ಮುಖ ನೋಡಿದ. ಎದ್ದು ನಿಂತ.

ಆಗ ನನಗೆ ಹೊಳೆಯಿತು, ನಾನು ಮಾಡಿದ್ದೇನೆಂದು. ಜೀವಮಾನವೆಲ್ಲ ಆ ಕೈ ತೋರಿಸುವುದಕ್ಕೇ ಕಾದು ಕೂತಿದ್ದವನು ಅವನು. ಅವನನ್ನು ವ್ಯಾಪಾರಕ್ಕೆ ಕರೆದಿದ್ದೆ. ಸೆಕ್ಯುರಿಟಿಯವರಿಗೂ ಒಳಗಿಂದ ಕರೆಯುತ್ತಿದ್ದಾರೆ ಎಂದೇ ಅನ್ನಿಸಿರಬೇಕು. ಅಪ್ಪನ ತೋಳು ಹಿಡಿದು ಅಂಗಳ ದಾಟಿಸಿಕೊಂಡು ಬಂದರು. ಎಳೆಯುವ ಕಾಲಿನ ಚಪ್ಪಲಿಯ ಸದ್ದು ಹತ್ತಿರ ಹತ್ತಿರ ಬರುವುದನ್ನು ನಾವು ನಾಲ್ವರೂ ಕೇಳುತ್ತ ಕೂತೆವು. ನಾನು ಎದ್ದು ಹೋಗಿ ತಡೆಯಬಹುದಿತ್ತು. ತಡೆಯಲಿಲ್ಲ.

ಬಾಗಿಲು ತೆರೆಯಿತು. ಅಪ್ಪ ಒಳಗೆ ಬಂದು ಮೂವರನ್ನೂ ಒಮ್ಮೆ ನೋಡಿದ. ಸಂತೆಯಲ್ಲಿ ಯಾರ ಹತ್ತಿರ ಮಾತಾಡಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಡುವಿನ ದೊಡ್ಡ ಕುರ್ಚಿಯ ಮ್ಯಾನೇಜರನ್ನು ಬಿಟ್ಟು ನೇರವಾಗಿ ನರೆತ ತಲೆಯವರ ಹತ್ತಿರ ಹೋದ. ಹೆಗಲಿನ ಟವೆಲನ್ನು ಎಡಗೈಯಲ್ಲಿ ಎಳೆದು ಮೇಜಿನ ಮೇಲಿದ್ದ ಅವರ ಕೈಗೆ ಮುಚ್ಚಿದ. ತನ್ನ ಎಡಗೈಯನ್ನು ಅದರೊಳಗೆ ತೂರಿಸಿದ.

"ವಾಟ್ ಈಸ್ ದಿಸ್? ಏನು ಮಾಡ್ತಿದಾರೆ?" ಎಂದರು ಮ್ಯಾನೇಜರು.

"ಸಾರ್, ಒಂದ್ನಿಮಿಷ ಸುಮ್ನಿರಿ," ಎಂದರು ಹಿರಿಯರು. ಅವರ ಮುಖದಲ್ಲಿ ನಗುವಿರಲಿಲ್ಲ.

ಎಚ್ಆರ್ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ಹೆಗಲು ಅಲುಗುತ್ತಿತ್ತು. ಟವೆಲಿನ ಅಡಿಯಲ್ಲಿ ಏನೋ ಅಲುಗಿತು, ನಿಂತಿತು, ಮತ್ತೆ ಅಲುಗಿತು. ನಾನು ಅಪ್ಪನ ಮುಖ ನೋಡಿದೆ. ಸಂತೆಯಲ್ಲಿ ಅವನ ಮುಖ ಕಲ್ಲಿನ ಹಾಗಿರುತ್ತಿತ್ತು, ಯಾರಿಗೂ ಒಂದಕ್ಷರ ಓದಲು ಬಿಡುತ್ತಿರಲಿಲ್ಲ. ಅವತ್ತು ಹಣೆಯಲ್ಲಿ ಬೆವರಿತ್ತು, ಎಡಗಡೆಯ ತುಟಿ ನಡುಗುತ್ತಿತ್ತು. ನಾನು ನಗುತ್ತಿದ್ದೆ. ಏನೇ ಆದರೂ ಮುಖದ ಮೇಲಿನ ನಗು ಮಾಸಬಾರದೆಂದು ಹೇಳಿದ್ದರಲ್ಲ, ಅದನ್ನು ಅಂಟಿಸಿಕೊಂಡು ಕೂತಿದ್ದೆ. ಆ ನಗುವನ್ನು ನೆನೆಸಿಕೊಂಡರೆ ನನ್ನ ಮುಖಕ್ಕೆ ನಾನೇ ಬಡಿದುಕೊಳ್ಳಬೇಕೆನ್ನಿಸುತ್ತದೆ.

"ಅಪ್ಪಾ, ಸಾಕು ಬಾಪ್ಪಾ," ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಪದ್ಧತಿಯ ಪ್ರಕಾರ ನಾನು ಬಾಯಿ ಹಾಕುವಂತಿರಲಿಲ್ಲ.

ಕೊನೆಗೆ ಅವನೇ ಕೈ ತೆಗೆದ. ಟವೆಲನ್ನು ಕೊಡವಲಿಲ್ಲ, ಹಾಗೇ ಮುದುರಿ ಹೆಗಲಿಗೆ ಹಾಕಿಕೊಂಡ. ನನ್ನ ಮುಖ ನೋಡದೆ ಬಾಗಿಲ ಕಡೆ ತಿರುಗಿದ. ಮ್ಯಾನೇಜರು ಫೈಲು ಮುಚ್ಚಿ, "ಓಕೆ, ವಿ ವಿಲ್ ಲೆಟ್ ಯೂ ನೋ," ಎಂದರು. ಎಷ್ಟು ಸಂಬಳ ನಿರೀಕ್ಷಿಸುತ್ತೀರಿ ಎಂಬ ಪ್ರಶ್ನೆಗೆ ನಾನು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಉತ್ತರ ಕಲಿತಿದ್ದೆ. ಅದನ್ನು ಯಾರೂ ಕೇಳಲಿಲ್ಲ.

ಗೇಟಿನ ಹೊರಗೆ ಬಸ್ಸಿಗೆ ಕಾಯುತ್ತಿದ್ದಾಗ ಆ ಹಿರಿಯರು ನಡೆದುಕೊಂಡು ಬಂದರು. ಅಪ್ಪನನ್ನು ಕಲ್ಲಿನ ಮೇಲೆ ಕೂರಿಸಿದ್ದೆ. ಅವರು ನನ್ನನ್ನು ಸ್ವಲ್ಪ ಆಚೆ ಕರೆದರು.

"ನಿಮ್ಮಪ್ಪ ದಲ್ಲಾಳಿನಾಮ್ಮ?"

"ಹೌದು ಸಾರ್. ದನದ್ದು."

"ನೋಡ್ತಲೇ ಅನ್ಕಂಡೆ. ನಮ್ಮಪ್ಪಾನೂ ಎತ್ತು ಮಾರ್ತಿದ್ರು. ಸಣ್ಣೋನಿದ್ದಾಗ ನಾನೂ ಟವೆಲ್ಲೊಳಗೆ ಕೈ ಇಟ್ಟೋನೇ." ಅಪ್ಪನಿಗೆ ಕೇಳಿಸದಂತೆ ದನಿ ತಗ್ಗಿಸಿದರು. "ಮೊದ್ಲು ಮೂರು ಬೆರಳು ಹಿಡಿದ್ರು ಕಣಮ್ಮ. ನನಗೆ ಏನು ಮಾಡ್ಬೇಕೋ ತೋಚ್ಲಿಲ್ಲ, ಸುಮ್ನೆ ಕೈ ಕೊಟ್ಟು ಕೂತಿದ್ದೆ. ಸುಮ್ನಿದ್ರೆ ಒಪ್ಲಿಲ್ಲ ಅಂತಲ್ವಾ ಲೆಕ್ಕ? ಎರಡಕ್ಕೆ ಬಂದ್ರು. ಆಮೇಲೆ ಒಂದು. ಆಮೇಲೆ ಅರ್ಧ."

ಅಪ್ಪ ಮೂರರಿಂದ ಎರಡಕ್ಕೆ ಬಂದ ಎಂದಾಗಲೇ ನನಗೆ ಇವರು ಬೇರೆ ಯಾರದ್ದೋ ಕಥೆ ಹೇಳುತ್ತಿದ್ದಾರೆ ಅನ್ನಿಸಿತ್ತು.

"ಕೊನೆಗೆ ಕಿರುಬೆರಳು ಹುಡುಕಿ ಉಗುರು ಮುಟ್ಟಿದ್ರು," ಎಂದರು ಅವರು. "ಒತ್ತಿ ಹಿಡ್ಕಂಡ್ರು. ನನ್ ಜೀವ ಹೋದಂಗಾಯ್ತು. ಬಿದ್ದಿರೋ ದನಕ್ಕಲ್ವೇನಮ್ಮ ಅದು?"

ಕಲ್ಲಿನ ಮೇಲೆ ಕೂತ ಅಪ್ಪ ನಮ್ಮ ಕಡೆ ನೋಡುತ್ತಿರಲಿಲ್ಲ. ಅಣ್ಣ ಜಗಲಿಯ ಮೇಲೆ ಆಡಿದ ಪ್ರತಿಯೊಂದು ಮಾತೂ ಅವನಿಗೆ ಕೇಳಿಸಿತ್ತು. ಯುಗಾದಿ ಎಂದೂ ಕೇಳಿಸಿತ್ತು, ಆಶ್ರಮ ಎಂದೂ ಕೇಳಿಸಿತ್ತು. ನನಗೆ ಕೆಲಸ ಸಿಕ್ಕರೆ ತಾನು ಮನೆಯಲ್ಲಿ ಉಳಿಯುತ್ತೇನೆ ಎನ್ನುವುದನ್ನು ಹಗಲೂ ರಾತ್ರಿ ಒಳಗೇ ಲೆಕ್ಕ ಹಾಕಿಕೊಂಡು ಬಂದಿದ್ದ. ಆ ಲೆಕ್ಕದಲ್ಲಿ ನನ್ನನ್ನು ಉಗುರಿಗೆ ಕೊಟ್ಟುಬಿಟ್ಟ. ನನಗೆ ಅವನ ಮೇಲೆ ಉರಿದುಹೋಗುವಷ್ಟು ಸಿಟ್ಟು ಬಂತು, ಅದೇ ಉಸಿರಿನಲ್ಲಿ ಅವನನ್ನು ತಬ್ಬಿಕೊಂಡು ಅಳಬೇಕು ಎಂದೂ ಅನ್ನಿಸಿತು. ಎರಡರಲ್ಲಿ ಯಾವುದನ್ನೂ ಮಾಡಲಿಲ್ಲ. ಬಸ್ಸು ಬಂತು.

"ನೀನೇನೂ ಯೋಚ್ನೆ ಮಾಡ್ಬೇಡಮ್ಮ," ಎಂದು ಅವರು ಅಪ್ಪನನ್ನು ಹತ್ತಿಸಲು ಕೈ ಕೊಟ್ಟರು. "ನಾನು ಒಳಗೆ ಮಾತಾಡ್ತೀನಿ. ಕಮ್ಮಿಗೂ ಬರ್ತಾರೆ ಅಂದ್ರೆ ಬೇಡ ಅನ್ನಲ್ಲ ಇವ್ರು."

"ಆಗಲಿ ಸಾರ್, ನಿಮ್ಮಿಂದ ಉಪಕಾರ ಆಯ್ತು," ಎಂದೆ. ಆ ಗಳಿಗೆಯಲ್ಲಿ ನನಗೂ ಅದು ಉಪಕಾರವೆಂದೇ ಕಂಡಿತ್ತು.

ಕೆಲಸ ಸಿಕ್ಕಿತು. ಯುಗಾದಿಗೆ ಇನ್ನೂ ದಿನಗಳಿರುವಾಗಲೇ ಎಚ್ಆರ್ ಹುಡುಗಿ ಫೋನು ಮಾಡಿದಳು. ಅಪ್ಪ ಪಕ್ಕದಲ್ಲೇ ಇದ್ದ. ನಾನು ಖುಷಿಯಲ್ಲಿ ಅವನ ಎಡಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅವಳು ಸಂಬಳ ಹೇಳಿದಳು. ತಪ್ಪಾಗಿ ಕೇಳಿಸಿರಬೇಕೆಂದು ಇನ್ನೊಮ್ಮೆ ಹೇಳಿಸಿದೆ. ನೋಡಿಕೊಳ್ಳಲು ಬರುವ ಆ ಹೆಂಗಸಿಗೆ ಕೊಡಬೇಕಾದದ್ದಕ್ಕಿಂತಲೂ ಕಡಿಮೆ ಇತ್ತು.

"ಮೇಡಂ, ಇದು ತೀರಾ ಕಮ್ಮಿಯಾಯ್ತಲ್ಲ. ಸ್ವಲ್ಪ ನೋಡಿ," ಎಂದೆ.

"ನಿಮ್ ಫಾದರೇ ಒಪ್ಕೊಂಡಿದಾರಂತಲ್ಲ," ಎಂದಳು ಅವಳು. ನಕ್ಕಳು. ಕುಹಕವೇನಿಲ್ಲ, ತಮಾಷೆಗೆ ಹೇಳಿದ್ದು. "ಮುಂದಿನ ವರ್ಷ ನೋಡೋಣ, ಆಯ್ತಾ?"

ಫೋನಿಟ್ಟ ಮೇಲೆ ಅಪ್ಪ ನನ್ನ ಮುಖ ನೋಡಿದ. ಸಿಕ್ಕಿತು ಎಂದೆ. ಅವನ ಎಡಗಡೆಯ ತುಟಿ ಎದ್ದಿತು. ಅಷ್ಟು ಎದ್ದದ್ದನ್ನು ಲಕ್ವ ಹೊಡೆದ ಮೇಲೆ ನಾನು ನೋಡಿರಲಿಲ್ಲ.

ಅಣ್ಣ ಬಂದು ಲೆಕ್ಕ ಕೇಳಿದ. ಹೇಳಿದೆ. ಅವನು ತಲೆಗೆ ಕೈ ಕೊಟ್ಟು ಕೂತ. "ಇಷ್ಟ್ರಲ್ಲಿ ಏನಾಗ್ತದೆ ಹೇಳೇ? ಆ ಕೆಲಸ ಬಿಡಬ್ಯಾಡ. ಒಂದ್ ಸಲ ಬಿಟ್ರೆ ನಿಂಗೆ ಇನ್ಯಾರು ಕೊಡ್ತಾರೆ? ಅಪ್ಪನ್ನ ನಾನು ಆಶ್ರಮಕ್ಕೆ ಕರ್ಕಂಡೋಗ್ತೀನಿ," ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೇರೆ ದಾರಿಗಾಗಿ ನಾನು ಹುಡುಕಿದೆ, ಆ ಹೆಂಗಸಿನ ಮನೆಗೂ ಹೋಗಿ ಕೇಳಿಕೊಂಡೆ. ಅವರು ನನ್ನ ಜೊತೆ ಅತ್ತರು, ಆದರೆ ಅಷ್ಟಕ್ಕೆ ಬರಲಾರೆ ಎಂದರು. ಹಬ್ಬ ಮುಗಿದ ಮೇಲೆ ಒಂದು ಭಾನುವಾರ ಅಣ್ಣ ಕಾರು ಮಾಡಿಕೊಂಡು ಬಂದ. ನಾನು ಬಟ್ಟೆಯನ್ನು ಚೀಲಕ್ಕೆ ತುಂಬುವಾಗ ಅಪ್ಪ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹಸುವನ್ನು ನೋಡುತ್ತಿದ್ದ. ಆಮೇಲೆ ಯಾರೂ ಹಿಡಿಯದಿದ್ದರೂ ತಾನೇ ಕಾಲೆಳೆದುಕೊಂಡು ಬಂದು ಕಾರಿನಲ್ಲಿ ಕೂತ.

ಈಗ ನಾನು ದಿನಾ ಬೆಳಿಗ್ಗೆ ಕಂಪನಿಯ ಬಸ್ಸು ಹತ್ತುತ್ತೇನೆ. ಸ್ಟೋರಿನಲ್ಲಿ ಬಂದ ಸರಕು, ಹೋದ ಸರಕು ನಮೂದಿಸುತ್ತೇನೆ. ಆ ಹಿರಿಯರು ಎದುರು ಸಿಕ್ಕರೆ "ನಿಮ್ಮಪ್ಪ ಹೆಂಗಿದಾರಮ್ಮ?" ಎಂದು ತಪ್ಪದೆ ಕೇಳುತ್ತಾರೆ. ಚೆನ್ನಾಗಿದ್ದಾರೆ ಸಾರ್ ಎನ್ನುತ್ತೇನೆ. ಎಲ್ಲಿದ್ದಾರೆ ಎಂದು ಅವರು ಕೇಳಿಲ್ಲ, ನಾನು ಹೇಳಿಲ್ಲ. ಅವರು ಒಳ್ಳೆಯವರು. ಈ ಕಥೆಯಲ್ಲಿ ಬಯ್ಯಲು ಒಬ್ಬನಾದರೂ ಸಿಕ್ಕಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮೊದಲ ಸಂಬಳ ಬಂದ ಮೇಲೆ ಆಶ್ರಮಕ್ಕೆ ಹೋದೆ. ಮಾಲೂರಿನಾಚೆ ನೀಲಗಿರಿ ತೋಪಿನ ಅಂಚಿನಲ್ಲಿದೆ ಅದು. ಉದ್ದನೆಯ ಹಜಾರ, ಸಾಲು ಮಂಚಗಳು, ಫಿನಾಯಿಲಿನ ವಾಸನೆ. ಅಪ್ಪನ ಗಡ್ಡ ಬೆಳೆದಿತ್ತು. ಅಂಗಿ ಬೇರೆ ಯಾರದ್ದೋ ಹಾಕಿದ್ದರು. ಟವೆಲು ಮಾತ್ರ ಅವನದೇ. ನೀರು ಬೇಕಾದರೆ ಅವನು ಯಾರ ಬೆರಳು ಹಿಡಿಯುತ್ತಾನೆ ಎಂದು ಅಲ್ಲಿಯವರನ್ನು ಕೇಳಿದೆ. "ಟೈಮ್ ಟೈಮಿಗೆ ನಾವೇ ಕೊಡ್ತೀವಲ್ಲ," ಎಂದರು.

ನಾನು ಮಂಚದ ಮೇಲೆ ಕೂತೆ. ಅವನಿಗಾಗಿ ತಂದಿದ್ದ ಬೋಂಡ ಮುರಿದು ಎಡಗಡೆಯ ಬಾಯಿಗೆ ಇಟ್ಟೆ. ತಿಂದಾದ ಮೇಲೆ ಟವೆಲನ್ನು ಎಳೆದು ಇಬ್ಬರ ಕೈಗೂ ಮುಚ್ಚಿದ. ನನ್ನ ಅಂಗೈಯನ್ನು ಬಿಡಿಸಿ, ಯಾವ ಬೆರಳನ್ನೂ ಹಿಡಿಯದೆ, ತನ್ನ ಕೈಯನ್ನು ಅದರೊಳಗೆ ಖಾಲಿ ಇಟ್ಟ. ವ್ಯಾಪಾರ ಎಷ್ಟಕ್ಕೆ ಕುದುರಿತು, ನೀನು ಹೇಳು ಎಂದು. ಇಷ್ಟು ವರ್ಷದಲ್ಲಿ ಅವನು ನನ್ನನ್ನು ಬೆಲೆ ಕೇಳಿದ್ದು ಅದೇ ಮೊದಲು.

ನಾನು ಅವನ ಅಂಗೈಯನ್ನು ಪೂರ್ತಿ ಹಿಡಿದೆ. ಐದು. ಗಟ್ಟಿಯಾಗಿ ಹಿಡಿದೆ. ಮುಖವನ್ನು ಕಲ್ಲಿನಂತೆ ಇಟ್ಟುಕೊಂಡೆ, ಅವನು ಸಂತೆಯಲ್ಲಿ ಇಟ್ಟುಕೊಳ್ಳುತ್ತಿದ್ದಂತೆ.

ಅಪ್ಪ ನನ್ನ ಮುಖ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಟವೆಲಿನ ಅಡಿಯಲ್ಲಿ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತ ಬಂದ. ಹೆಬ್ಬೆರಳು ಮಡಿಸಿದ, ತೋರುಬೆರಳು ಮಡಿಸಿದ, ನಡುಬೆರಳು, ಉಂಗುರಬೆರಳು. ಉಳಿದ ಕಿರುಬೆರಳಿನ ಉಗುರನ್ನು ಹುಡುಕಿ ಹಿಡಿದುಕೊಂಡ. ಸಂಜೆ ಬಸ್ಸಿಗೆ ಹೊತ್ತಾಯಿತೆಂದು ನಾನು ಏಳುವವರೆಗೂ ಬಿಡಲಿಲ್ಲ.